ನನ್ನ ಲೈನು, ನೆಗೆಣ್ಣಿಯ ಬೆಳಕು

ನೆಗೆಣ್ಣಿಯನ್ನು ಹುಡುಕಿ ತಂದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ನಾನು ಅವಳ ಮೇಲೆ ಕಿಡಿ ಕಾರುವಾಗ, ಅವಳನ್ನು ಕಂಡರೆ ಅಷ್ಟು ಆಗದಿದ್ದರೆ ಮನೆ ತುಂಬಿಸಿಕೊಂಡದ್ದು ಯಾಕೆ ಎಂದು ಯಾರಾದರೂ ಕೇಳಬಹುದು. ಮೈದುನ ಬ್ಯಾಂಕಿನವನು. ಅವನಿಗೆ ಔರಂಗಾಬಾದಿಗೆ, ಅಂದರೆ ಈಗಿನ ಛತ್ರಪತಿ ಸಂಭಾಜಿನಗರಕ್ಕೆ ವರ್ಗವಾಗಿತ್ತು. ಹೆಣ್ಣು ನೋಡುತ್ತಿದ್ದ ಕಾಲಕ್ಕೆ ಧಾರವಾಡದ ಕಡೆಯ ಒಬ್ಬ ಹುಡುಗಿಯ ಸುದ್ದಿ ಬಂತು. ಎಂ.ಟೆಕ್. ಮಾಡಿದವಳು, ಓದಿದ್ದು ಬೆಳಕಿನ ಮೂಲಕ ಸುದ್ದಿ ಕಳಿಸುವ ವಿದ್ಯೆ. ಮನೆಯ ಉಳಿದವರು ಅವಳ ಬಣ್ಣ, ಎತ್ತರ ಮಾತಾಡುತ್ತಿದ್ದಾಗ ನಾನು ಆ ವಿದ್ಯೆಯ ಹೆಸರು ಕೇಳಿಯೇ ಒಪ್ಪಿದ್ದೆ. ನಾನೂ ಅದೇ ಕೆಲಸದವಳು. ಹಬ್ಬಕ್ಕೆ ಎಲ್ಲರೂ ಕೂಡಿದಾಗ ಹೋಳಿಗೆ ಲಟ್ಟಿಸುತ್ತ ಮಾತಾಡಲು ನನ್ನ ಕಸುಬು ತಿಳಿದ ಒಬ್ಬಳು ಸಿಕ್ಕಳಲ್ಲ ಎಂಬ ಆಸೆ. ಆ ಆಸೆಗೆ ತಕ್ಕ ಶಾಸ್ತಿಯಾಯಿತು.

ನಾವಿದ್ದದ್ದು ನಾಸಿಕ್‌ನಲ್ಲಿ. ಗಂಡ ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರ್. ನಾನು ಒಂದು ಟೆಲಿಫೋನ್ ಕಂಪನಿಯ ಟ್ರಾನ್ಸ್‌ಮಿಷನ್ ವಿಭಾಗದಲ್ಲಿದ್ದೆ. ವಿಜಯಪುರ ಜಿಲ್ಲೆಯಿಂದ ಮದುವೆಯಾಗಿ ಬಂದವಳು ನಾನು. ಮರಾಠಿ ಕಲಿತದ್ದು ರಸ್ತೆ ಬದಿಯ ಗುಂಡಿಗಳ ದಡದಲ್ಲಿ ನಿಂತು. ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳಲ್ಲಿ ನಾಸಿಕ್‌ನಿಂದ ಸಂಭಾಜಿನಗರದವರೆಗೆ ಫೈಬರ್ ಕೇಬಲ್ ಹಾಕಿದ್ದು ನಮ್ಮ ತಂಡ. ನಿಫಾಡದ ದ್ರಾಕ್ಷಿ ತೋಟಗಳ ಅಂಚು, ಲಾಸಲಗಾಂವ್ ಕಡೆ ತಿರುಗಲು ಕಾದು ನಿಂತ ಈರುಳ್ಳಿ ಟ್ರ್ಯಾಕ್ಟರುಗಳ ಸಾಲು, ಯೇವಲಾ, ವೈಜಾಪುರ, ಹೀಗೆ ಆ ದಾರಿಯ ಧೂಳೆಲ್ಲ ನನ್ನ ಸೀರೆಯ ನೆರಿಗೆಯಲ್ಲಿತ್ತು. ಆಮೇಲೆ ಸೀರೆ ಬಿಟ್ಟು ಸಲ್ವಾರ್ ತೊಟ್ಟೆ, ಅದಕ್ಕೂ ಮನೆಯಲ್ಲಿ ಒಂದಿಷ್ಟು ಮಾತು ಕೇಳಿದ್ದಾಯಿತು.

ಕೇಬಲ್ ಒಂದೇ ತುಂಡಾಗಿ ಬರುವುದಿಲ್ಲ. ಕೆಲವು ಕಿಲೋಮೀಟರಿಗೊಮ್ಮೆ ಕೂದಲಿನಷ್ಟು ತೆಳುವಾದ ಗಾಜಿನ ಎಳೆಗಳ ತುದಿಗಳನ್ನು ಯಂತ್ರದಲ್ಲಿಟ್ಟು ಕರಗಿಸಿ ಜೋಡಿಸಬೇಕು. ಧೂಳು ಬೀಳಬಾರದೆಂದು ಚಿಕ್ಕದೊಂದು ಡೇರೆ ಹಾಕಿಕೊಂಡು, ಒಳಗೆ ಬೆವರು ಒರೆಸಿಕೊಳ್ಳುತ್ತ ಮಾಡುವ ಕೆಲಸ. ಜಾಯಿಂಟ್ ಸರಿಯಾಗದಿದ್ದರೆ ಅಲ್ಲಿ ಬೆಳಕು ಸೋರಿ ಹೋಗುತ್ತದೆ. ಮನಸ್ಸಿಗೆ ಬರದ ಜಾಯಿಂಟನ್ನು ನಾನು ಕತ್ತರಿಸಿ ಮತ್ತೆ ಮಾಡಿಸುತ್ತಿದ್ದೆ. ತಂಡದವರು ಬೈದುಕೊಂಡೇ ಮಾಡುತ್ತಿದ್ದರು. ಹಾಗೆ ಹಟ ಹಿಡಿದು ಮಾಡಿಸಿದ ಲೈನಾದ್ದರಿಂದ ಅದು ಕಂಪನಿಯ ಲೈನು ಎಂದು ನನಗೆ ಎಂದೂ ಅನಿಸಲಿಲ್ಲ. ಮನೆಯಲ್ಲಿ, ಆಫೀಸಿನಲ್ಲಿ, ಎಲ್ಲ ಕಡೆ ಅದನ್ನು ನನ್ನ ಲೈನು ಎಂದೇ ಹೇಳುತ್ತಿದ್ದೆ.

ಜಾಯಿಂಟಿಗಿಂತ ಹೆಚ್ಚಿನ ಹೆಮ್ಮೆ ಡಬ್ಬಿಗಳದು. ಬೆಳಕಿನ ಒಂದು ಮಿಡಿತವನ್ನು ಇಲ್ಲಿಂದ ಬಿಟ್ಟರೆ ಅದು ದೂರ ಹೋದಂತೆ ಹರಡುತ್ತದೆ. ಶಾಲೆ ಬಿಟ್ಟಾಗ ಸಾಲಾಗಿ ಹೊರಟ ಮಕ್ಕಳಲ್ಲಿ ಚುರುಕಿನವು ಮುಂದೆ ಓಡಿ ಸೋಮಾರಿಗಳು ಹಿಂದೆ ಉಳಿಯುವ ಹಾಗೆ. ಕೊನೆಗೆ ಒಂದು ಮಿಡಿತ ಇನ್ನೊಂದರೊಳಗೆ ಸೇರಿ ಯಾವುದು ಯಾವುದೆಂದು ತಿಳಿಯದಂತಾಗುತ್ತದೆ. ಇದನ್ನು ಸರಿಪಡಿಸಲು ಒಂದು ಚಪ್ಪಟೆ ಲೋಹದ ಡಬ್ಬಿ, ಅದರೊಳಗೆ ಸುರುಳಿ ಸುತ್ತಿದ ಬೇರೆ ಜಾತಿಯ ಫೈಬರ್. ಅದರ ಗುಣ ತಿರುಗಾಮುರುಗಾ. ಮುಂದೆ ಓಡಿದ್ದನ್ನು ತಡೆಯುತ್ತದೆ, ಹಿಂದೆ ಉಳಿದದ್ದನ್ನು ಎಳೆದು ತರುತ್ತದೆ. ಎಷ್ಟು ದೊಡ್ಡ ಡಬ್ಬಿಯನ್ನು ಎಲ್ಲಿ ಕೂರಿಸಬೇಕು ಎನ್ನುವ ಲೆಕ್ಕವೇ ಆಗ ದೊಡ್ಡ ವಿದ್ಯೆ. ಆ ಲೆಕ್ಕಕ್ಕೆ ನಮ್ಮ ವಿಭಾಗದಲ್ಲಿ ಎಲ್ಲರೂ ನನ್ನ ಮೇಜಿಗೇ ಬರುತ್ತಿದ್ದರು. ಸೊರಗಿದ ಬೆಳಕಿಗೆ ಮತ್ತೆ ಬಲ ತುಂಬುವ ಯೇವಲಾದ ಚಿಕ್ಕ ಸ್ಟೇಷನ್ನಿನ ಡಬ್ಬಿಯನ್ನು ಆರಿಸಿದ್ದು, ನನ್ನ ಕೈಯಿಂದಲೇ ಕೂರಿಸಿದ್ದು ನಾನು.

ಇನ್ನೊಂದು ಪದ್ಧತಿಯನ್ನೂ ಇಲ್ಲಿಯೇ ಹೇಳಬೇಕು. ನಮ್ಮತ್ತೆ ಅನ್ನಕ್ಕಿಡುವಾಗ ಅಳತೆಯ ಅಕ್ಕಿ ಹಾಕಿ, ಮೇಲೊಂದು ಮುಷ್ಟಿ ಹಾಕುತ್ತಿದ್ದರು. ಯಾರಾದರೂ ಬಂದರೆ ಇರಲಿ ಎಂದು. ನಮ್ಮ ಲೈನಿನವರದೂ ಅದೇ ರೂಢಿ. ಕೇಬಲ್‌ನಲ್ಲಿ ಬೆಳಕು ಎಷ್ಟು ಸೋರುತ್ತದೆ ಎಂದು ಅಳೆದು ಮೇಲಿನವರಿಗೆ ತಿಳಿಸುವಾಗ ಜಾಯಿಂಟ್ ಮಾಡಿದವನು ಸ್ವಲ್ಪ ಹೆಚ್ಚಿಗೆ ಹೇಳುತ್ತಿದ್ದ, ಸೂಪರ್‌ವೈಸರ್ ತನ್ನದೊಂದಿಷ್ಟು ಸೇರಿಸುತ್ತಿದ್ದ, ನಾನು ಮೇಲೊಂದು ಮುಷ್ಟಿ ಹಾಕುತ್ತಿದ್ದೆ. ಇದರಲ್ಲಿ ಮೋಸವೇನಿಲ್ಲ. ಮಳೆಗಾಲಕ್ಕೆ ಯಾರೋ ಜೆಸಿಬಿ ತಂದು ಕೇಬಲ್ ಹರಿಯುತ್ತಾರೆ, ಪೈಪ್‌ಲೈನಿಗೆಂದು ದ್ರಾಕ್ಷಿ ತೋಟದವರು ಅಗೆಯುತ್ತಾರೆ, ಪ್ರತಿ ಸಲವೂ ಹೊಸ ಜಾಯಿಂಟ್, ಹೊಸ ಸೋರಿಕೆ. ಹೇಳಿದ ಅಂಕಿಯಲ್ಲಿ ಜಾಗವಿಲ್ಲದಿದ್ದರೆ ಬೈಸಿಕೊಳ್ಳುವವರು ನಾವು. ನಮ್ಮ ತಂಡದವರು ಅದಕ್ಕೆ ಮರಾಠಿಯಲ್ಲಿ ‘ಪಾಹುಣ್ಯಾಚಾ ಘಾಸ’ ಎನ್ನುತ್ತಿದ್ದರು, ಬರುವ ನೆಂಟನ ತುತ್ತು. ಲೈನಿನ ಮೇಲೆ ಕೆಲಸ ಮಾಡಿದ ಎಲ್ಲರಿಗೂ ಇದು ಗೊತ್ತು. ಆಫೀಸಿನ ಕುರ್ಚಿಯಲ್ಲಿ ಕೂತವರಿಗೆ ಮಾತ್ರ ಯಾರೂ ಹೇಳುವುದಿಲ್ಲ.

ಮದುವೆಯಾಗಿ ಬಂದ ಹೊಸತರಲ್ಲಿ ನೆಗೆಣ್ಣಿಯ ಮೇಲೆ ನನಗೆ ಏನೂ ಇರಲಿಲ್ಲ. ಸಂಭಾಜಿನಗರದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಮೇ ರಜೆಯಲ್ಲಿ ನಾವು ಅವರ ಮನೆಗೆ ಹೋದೆವು. ಎಲ್ಲರೂ ವೇರೂಳಿಗೆ, ಅಂದರೆ ಎಲ್ಲೋರಕ್ಕೆ ಹೋಗಿ ದೇವರ ದರ್ಶನ ಮುಗಿಸಿ, ಬಿಸಿಲಿಗೆ ಕಾದ ಬಂಡೆಗಳ ಮೇಲೆ ಕಾಲು ಸುಟ್ಟುಕೊಂಡು ಬಂದದ್ದಾಯಿತು. ಮರುದಿನ ಅವಳು ನನ್ನ ಮಗಳನ್ನು ಕಾಲೇಜಿನ ಲ್ಯಾಬಿಗೆ ಕರೆದುಕೊಂಡು ಹೋದಳು. ನಾನೂ ಹಿಂದೆ ಹೋದೆ. ಮಗಳಿಗೆ ಆಗಿನ್ನೂ ಹೈಸ್ಕೂಲಿನ ವಯಸ್ಸಾಗಿರಲಿಲ್ಲ.

ಅಲ್ಲಿ ಪರದೆಯ ಮೇಲೆ ಒಂದು ಕಣ್ಣಿನ ಆಕಾರ ಮೂಡುತ್ತಿತ್ತು. ಬರುತ್ತಿರುವ ಬೆಳಕಿನ ಮಿಡಿತಗಳನ್ನು ಒಂದರ ಮೇಲೊಂದು ಇಟ್ಟು ತೋರಿಸುವ ಚಿತ್ರ ಅದು. ಕಣ್ಣು ಅಗಲವಾಗಿ ತೆರೆದಿದ್ದರೆ ಲೈನು ಚೆನ್ನಾಗಿದೆ ಎಂದು ಅರ್ಥ. ನೆಗೆಣ್ಣಿ ಫೈಬರನ್ನು ಬೆರಳಿಗೆ ಬಿಗಿಯಾಗಿ ಸುತ್ತಿದಳು, ಕಣ್ಣು ಸಣ್ಣದಾಯಿತು. ಬಿಟ್ಟಳು, ಮತ್ತೆ ತೆರೆಯಿತು. ಮಗಳು ತಾನೂ ಸುತ್ತಿದಳು, ಬಿಟ್ಟಳು, ಸುತ್ತಿದಳು. ಊಟಕ್ಕೆ ಕರೆದರೂ ಬರಲಿಲ್ಲ. ಇದೇ ಮಗಳನ್ನು ನಾನು ಒಂದು ಭಾನುವಾರ ನಿಫಾಡದ ನನ್ನ ಡೇರೆಗೆ ಕರೆದುಕೊಂಡು ಹೋಗಿದ್ದೆ. ಸ್ವಲ್ಪ ಹೊತ್ತು ನಿಂತು, ಪಕ್ಕದ ತೋಟದ ದ್ರಾಕ್ಷಿ ಕೊಡಿಸು, ಮನೆಗೆ ಹೋಗೋಣ ಎಂದು ಗಂಟು ಬಿದ್ದಿದ್ದಳು. ಲ್ಯಾಬಿನ ಬಾಗಿಲಲ್ಲಿ ನಿಂತಾಗ ನನಗೆ ಅದು ನೆನಪಾಯಿತು. ಹೊಟ್ಟೆಕಿಚ್ಚು ಶುರುವಾದದ್ದು ಅವತ್ತೇ.

ಆಮೇಲೆ ಅದು ಆರಲೇ ಇಲ್ಲ. ನೆಗೆಣ್ಣಿ ಪಿಎಚ್.ಡಿ.ಗೆ ಸೇರಿದಳು. ನನಗೂ ಒಂದು ಕಾಲಕ್ಕೆ ಮುಂದೆ ಓದುವ ಮನಸ್ಸಿತ್ತು. ಮಗು, ಮನೆ, ಕೇಬಲ್ ಹರಿದಾಗಲೆಲ್ಲ ಓಡುವ ಕೆಲಸ, ಇವುಗಳ ನಡುವೆ ಅದು ಎಲ್ಲಿ ಕಳೆದುಹೋಯಿತೋ. ಅವಳಿಗೆ ಮಕ್ಕಳಿರಲಿಲ್ಲ, ಹೊತ್ತಿತ್ತು ಎಂದು ಸಮಾಧಾನ ಹೇಳಿಕೊಳ್ಳಬಹುದಿತ್ತು. ಮಕ್ಕಳಿಲ್ಲದ ಅವಳ ನೋವು ನನಗೆ ತಿಳಿಯುತ್ತಿತ್ತು, ಅದನ್ನು ನನ್ನ ಸಮಾಧಾನಕ್ಕೆ ಬಳಸಿಕೊಳ್ಳಲು ಮನಸ್ಸು ಬರಲಿಲ್ಲ. ಹೀಗಾಗಿ ಹೊಟ್ಟೆಕಿಚ್ಚಿಗೆ ಯಾವ ನೆಪವೂ ಸಿಗದೆ ಅದು ಶುದ್ಧವಾಗಿಯೇ ಉಳಿಯಿತು.

ಅವಳ ಸಂಶೋಧನೆ ಏನೆಂದು ಗೊತ್ತಾದದ್ದು ಒಂದು ದೀಪಾವಳಿಗೆ, ನನ್ನದೇ ಮನೆಯ ಊಟದ ಮೇಜಿನ ಮೇಲೆ. ಆಗ ಜಗತ್ತಿನಲ್ಲೆಲ್ಲ ಒಂದು ಹೊಸ ವಿನ್ಯಾಸ ಬರುತ್ತಿತ್ತು. ಹಳೆಯ ಪದ್ಧತಿಯಲ್ಲಿ ಬೆಳಕು ಇದೆ, ಇಲ್ಲ, ಇಷ್ಟೇ ಭಾಷೆ. ಹೊಸದರಲ್ಲಿ ಬೆಳಕಿನ ಅಲೆಯ ಏರಿಳಿತ, ಅದು ಯಾವ ದಿಕ್ಕಿಗೆ ತೂಗುತ್ತದೆ ಎಂಬುದು, ಎಲ್ಲದರ ಮೇಲೂ ಸುದ್ದಿ ಹೊರಿಸುತ್ತಾರೆ. ಅದೇ ಫೈಬರು, ಬೆಳಕಿನ ಅದೇ ಬಣ್ಣ, ಹತ್ತು ಪಟ್ಟು ಹೊರೆ. ನಾನು ಎಣ್ಣಗಾಯಿ ಬಡಿಸುತ್ತಿದ್ದೆ. ಡಬ್ಬಿಯ ಲೆಕ್ಕ ಅದರಲ್ಲಿ ಹೇಗೆ ಮಾಡುತ್ತಾರೆ ಎಂದು ಕೇಳಿದೆ. ಕೇಳಬಾರದಿತ್ತು.

“ಡಬ್ಬಿ ಇನ್ನ ಬೇಕಾಗೂದಿಲ್ರಿ ಅಕ್ಕಾರ,” ಎಂದಳು. “ಬೆಳಕು ಹರಡಿದ್ರ ಹರಡ್ಲಿ. ಆ ಕಡೆ ಮುಟ್ಟಿದ ಮ್ಯಾಲೆ ಕಂಪ್ಯೂಟರ್ ಚಿಪ್ಪು ಲೆಕ್ಕಾ ಹಾಕಿ ಎಲ್ಲಾ ಕೂಡಿಸ್ಕೋತದ. ಡಬ್ಬಿ ಇದ್ರನಽ ತ್ರಾಸು, ಸುಮ್ನ ಬೆಳಕು ತಿಂತದ.”

“ಹಂಗಾರ ನಮ್ಮ ಡಬ್ಬಿ ಏನ್ ಮಾಡೂದವಾ? ಉಪ್ಪಿನಕಾಯಿ ಹಾಕಿಡೂದೇನು?” ಎಂದೆ.

ಎಲ್ಲರೂ ನಕ್ಕರು, ನನ್ನ ಗಂಡ ಎಲ್ಲರಿಗಿಂತ ಜೋರಾಗಿ. ನೆಗೆಣ್ಣಿಯೂ ನಕ್ಕಳು. ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ, ಅದೇ ನನಗೆ ಹೆಚ್ಚು ಉರಿ. ಮುಂದುವರಿಸಿ, ಹಳೆಯ ಪದ್ಧತಿಯ ಚಾನೆಲ್ಲುಗಳು, ಅಂದರೆ ಸುದ್ದಿ ಹೊತ್ತ ಬೆಳಕಿನ ಬಣ್ಣಗಳು, ಅದೇ ಫೈಬರಿನಲ್ಲಿದ್ದರೆ ಪಕ್ಕದ ಹೊಸ ಚಾನೆಲ್ಲನ್ನು ಕೆಡಿಸುತ್ತವೆ, ಹೊಸದು ಹಳೆಯದಕ್ಕೆ ಅಷ್ಟೇನೂ ಮಾಡುವುದಿಲ್ಲ, ಆದ್ದರಿಂದ ನಡುವೆ ಜಾಗ ಖಾಲಿ ಬಿಟ್ಟು ದೂರ ಇಡಬೇಕು ಎಂದು ವಿವರಿಸಿದಳು. ನನಗೆ ಯಾಕೋ ಆ ಮಾತು ಫೈಬರಿನದು ಎನಿಸಲಿಲ್ಲ. ಎಣ್ಣಗಾಯಿಯ ಪಾತ್ರೆಯನ್ನು ಅವಳನ್ನು ದಾಟಿಸಿ ಮೈದುನನ ಮುಂದಿಟ್ಟೆ.

ಅಷ್ಟರಲ್ಲಿ ಮಗಳ ಹನ್ನೆರಡನೆಯದು ಮುಗಿಯಿತು. ನಾಸಿಕ್‌ನಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿಗೇನು ಬರ. ಆದರೂ ಅವಳು ಕಾಕುವಿನ, ಅಂದರೆ ಚಿಕ್ಕಮ್ಮನ ಕಾಲೇಜೇ ಬೇಕೆಂದಳು, ಕಾಕುವಿನ ವಿಷಯವೇ ಬೇಕೆಂದಳು. ಹಾಸ್ಟೆಲ್ ಯಾಕೆ, ಮನೆಯೇ ಇದೆಯಲ್ಲ ಎಂದು ಮೈದುನ ಹೇಳಿದ, ನನ್ನ ಗಂಡ ಹೂಂ ಎಂದರು. ನಾನು ಬೇಡ ಎನ್ನಲು ಒಂದು ಕಾರಣ ಹುಡುಕಿದೆ. ಬಾಯಿ ಬಿಟ್ಟು ಹೇಳುವಂಥ ಕಾರಣ ಒಂದೂ ಸಿಗಲಿಲ್ಲ. ಹಾಸಿಗೆ, ಪುಸ್ತಕ, ಶೇಂಗಾ ಹಿಂಡಿಯ ಡಬ್ಬ ಎಲ್ಲ ಕಟ್ಟಿಕೊಟ್ಟು ಬಸ್ಸಿಗೆ ಹತ್ತಿಸಿ ಬಂದೆ.

ಅಂದಿನಿಂದ ಫೋನಿನಲ್ಲಿ ಬರೀ ಕಾಕು. ಕಾಕು ಹೀಗೆ ಹೇಳಿದಳು, ಕಾಕು ಹಾಗೆ ತೋರಿಸಿದಳು, ಕಾಕುವಿನ ಪೇಪರ್ ಎಲ್ಲಿಯೋ ಒಪ್ಪಿಗೆಯಾಯಿತು. ಊಟ ಆಯಿತಾ ಎಂದು ಕೇಳಿದರೂ ಉತ್ತರದಲ್ಲಿ ಕಾಕು. ಅದಕ್ಕಿಂತ ಹೆಚ್ಚಿನ ಏಟು ಇನ್ನೊಂದಿತ್ತು. ನನ್ನ ಮಗಳು ನಾಸಿಕ್‌ನಲ್ಲೇ ಹುಟ್ಟಿ ಬೆಳೆದವಳು, ಕನ್ನಡ ತಿಳಿಯುತ್ತಿತ್ತು, ಆಡುತ್ತಿರಲಿಲ್ಲ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಮರಾಠಿಯಲ್ಲಿ ಹೇಳುವಳು, ನಮ್ಮ ಮನೆಯ ಸಂಸಾರವೇ ಹಾಗೆ ನಡೆದಿತ್ತು. ಅಲ್ಲಿ ಹೋಗಿ ಒಂದು ವರ್ಷಕ್ಕೆ ಅವಳ ಬಾಯಲ್ಲಿ ಕನ್ನಡ ಬಂತು. ಯಾರ ಕನ್ನಡ? ನಾನು ‘ಐತಿ’ ಎನ್ನುವಲ್ಲಿ ಅವಳು ‘ಅದ’ ಎನ್ನುತ್ತಿದ್ದಳು, ಅಪ್ಪಟ ಧಾರವಾಡದ್ದು. ಹದಿನೆಂಟು ವರ್ಷ ನಾನು ಮಾಡಲಾರದ್ದನ್ನು ನೆಗೆಣ್ಣಿ ಲ್ಯಾಬಿನಲ್ಲಿ ಕೆಲಸದ ನಡುವೆ ಮಾಡಿಬಿಟ್ಟಿದ್ದಳು. ನೆಂಟರೆಲ್ಲ ಮಗಳ ಮಾತು ಕೇಳಿ ಹೊಗಳಿದರು. ನಾನೂ ನಕ್ಕೆ. ಅಡುಗೆಮನೆಗೆ ಹೋಗಿ ರೊಟ್ಟಿಯನ್ನು ಬೇಕಾದ್ದಕ್ಕಿಂತ ಜೋರಾಗಿ ಬಡಿದೆ.

ನನಗೆ ಬೇಕಾಗಿದ್ದದ್ದು ಬಹಳವೇನಲ್ಲ. ಆ ಲ್ಯಾಬಿನಲ್ಲಿ ಮಗಳು ಪರದೆಯ ಕಣ್ಣನ್ನು ನೋಡಿದಳಲ್ಲ, ಹಾಗೆ ಒಂದು ಸಲ ನನ್ನ ಲೈನನ್ನು ಅವಳು ನೋಡಬೇಕು. ಒಂದೇ ಸಲ ಸಾಕಿತ್ತು.

ಮಗಳು ಕೊನೆಯ ವರ್ಷಕ್ಕೆ ಬಂದಾಗ ನಮ್ಮ ಕಂಪನಿಯೇ ಹೊಸ ಪದ್ಧತಿಗೆ ಹೋಗುವ ವಿಚಾರ ಮಾಡಿತು. ಜನ ಮೊಬೈಲಿನಲ್ಲೇ ಸಿನಿಮಾ ನೋಡುವ ಕಾಲ ಬಂದಿತ್ತು, ಹಳೆಯ ಲೈನು ತುಂಬಿ ತುಳುಕುತ್ತಿತ್ತು. ಪ್ರಯೋಗಕ್ಕೆಂದು ನಾಸಿಕ್–ಸಂಭಾಜಿನಗರದ ದಾರಿಯನ್ನೇ ಆರಿಸಿದರು. ಸಂಭಾಜಿನಗರದ ಕಾಲೇಜಿನವರನ್ನು ಸಲಹೆಗೆ ಕರೆದರು, ಅಂದರೆ ನನ್ನ ನೆಗೆಣ್ಣಿಯನ್ನು. ಮಗಳ ಪ್ರಾಜೆಕ್ಟೂ ಅದೇ ಆಯಿತು. ಲೈನಿನ ಅಂಕಿಗಳನ್ನು ಕೇಳಿ ನೆಗೆಣ್ಣಿ ನಮ್ಮ ಕಚೇರಿಗೆ ಬರೆದಳು, ಕಚೇರಿ ಇದ್ದ ಅಂಕಿಗಳನ್ನು ಕಳಿಸಿತು. ಹೊಸ ಪದ್ಧತಿಯಲ್ಲಿ ಎರಡು ಬಗೆ. ಕಡಿಮೆ ಹೊರುವುದು ಒರಟು, ಎಲ್ಲಿಯೂ ನಡೆಯುತ್ತದೆ. ಹೆಚ್ಚು ಹೊರುವುದು ಬಹಳ ನಾಜೂಕು, ಬೆಳಕು ಚೊಕ್ಕವಾಗಿಯೇ ಮುಟ್ಟಬೇಕು. ನೆಗೆಣ್ಣಿ ವಿನ್ಯಾಸ ಮಾಡಿದ್ದು ಎರಡನೆಯದಕ್ಕೆ.

ನಾಸಿಕ್‌ನ ನಮ್ಮ ಆಫೀಸಿನಲ್ಲಿ ಮೀಟಿಂಗು. ಮೇಲಿನವರೆಲ್ಲ ಬಂದಿದ್ದರು. ನೆಗೆಣ್ಣಿ ಹತ್ತಿಯ ಇಳಕಲ್ ಸೀರೆಯುಟ್ಟು ಪರದೆಯ ಪಕ್ಕ ನಿಂತಿದ್ದಳು, ಮಗಳು ಲ್ಯಾಪ್‌ಟಾಪಿನ ಮುಂದೆ. ನಾನು ಉದ್ದನೆಯ ಮೇಜಿನ ಕೊನೆಯ ಕುರ್ಚಿ ಹಿಡಿದು ಕೂತಿದ್ದೆ. ಹರಡಿದ ಬೆಳಕನ್ನು ಚಿಪ್ಪು ಹೇಗೆ ಕೂಡಿಸುತ್ತದೆ ಎಂಬುದನ್ನು ನೆಗೆಣ್ಣಿ ಚೆನ್ನಾಗಿಯೇ ಹೇಳಿದಳು, ನನಗೆ ಗೊತ್ತಿದ್ದದ್ದೂ ಇನ್ನಷ್ಟು ತಿಳಿಯಾಯಿತು. ಇಷ್ಟು ಚೆನ್ನಾಗಿ ಹೇಳದಿದ್ದರೆ ಆಗುತ್ತಿರಲಿಲ್ಲವೇ ಎಂದುಕೊಂಡೆ. ಆಮೇಲೆ ಪರದೆಯ ಮೇಲೆ ನಮ್ಮ ದಾರಿಯ ನಕ್ಷೆ ಬಂತು. ನಾಸಿಕ್‌ನಿಂದ ಯೇವಲಾದವರೆಗೆ ಹಳದಿ. ಯೇವಲಾದಿಂದ ಸಂಭಾಜಿನಗರದವರೆಗಿನ ಉದ್ದನೆಯ ತುಂಡು ಪೂರ್ತಿ ಕೆಂಪು.

ಕೆಂಪು ಯಾಕೆಂದು ಅವಳು ಬಹಳ ಮರ್ಯಾದೆಯಿಂದ ಹೇಳಿದಳು. ಈ ತುಂಡಿನಲ್ಲಿ ಬೆಳಕು ಇರಬೇಕಾದ್ದಕ್ಕಿಂತ ಹೆಚ್ಚು ಸೋರುತ್ತಿದೆ, ಕೇಬಲ್ ಹಳೆಯದು, ಜಾಯಿಂಟುಗಳು ಅಷ್ಟು ಸರಿ ಬಂದಿರಲಿಕ್ಕಿಲ್ಲ, ಹೆಚ್ಚು ಹೊರುವ ಪದ್ಧತಿ ಇದರ ಮೇಲೆ ನಡೆಯುವುದಿಲ್ಲ. ವೈಜಾಪುರದಲ್ಲಿ ಹೊಸ ಸ್ಟೇಷನ್ ಕಟ್ಟಬೇಕು, ಇಲ್ಲವಾದರೆ ಈ ದಾರಿಯನ್ನು ಬಿಟ್ಟು ಬೇರೆ ದಾರಿ ನೋಡಬೇಕು. ಬೇರೆ ಊರಿನಿಂದ ಬಂದಿದ್ದ ಒಬ್ಬ ಅಧಿಕಾರಿ, ಈ ಜಾಯಿಂಟುಗಳನ್ನು ಮಾಡಿಸಿದವರು ಯಾರು ಎಂದು ಕೇಳಿದ. ಯಾರೂ ನನ್ನ ಕಡೆ ನೋಡಲಿಲ್ಲ. ನೋಡಬಾರದೆಂದೇ ಯಾರೂ ನೋಡಲಿಲ್ಲ.

ಚಹಾಕ್ಕೆ ಎದ್ದಾಗ ಮಗಳು ನನ್ನ ಪಕ್ಕ ಬಂದು ನಿಂತಳು. ಮನಸ್ಸಿನ ಮಾತು ಬಂದಾಗ ನನ್ನ ಹತ್ತಿರ ಅವಳ ಬಾಯಿಗೆ ಬರುವುದು ಈಗಲೂ ಮರಾಠಿಯೇ. ಮೆಲ್ಲಗೆ ಕೇಳಿದಳು, “ಮಮ್ಮಿ, ತುಝೀ ಲೈನ್ ಖರಂಚ್ ಇತಕೀ ಖರಾಬ್ ಆಹೇ ಕಾ?”

ನಿನ್ನ ಲೈನು ನಿಜವಾಗಿಯೂ ಅಷ್ಟು ಕೆಟ್ಟದ್ದಾ ಎಂದು. ದನಿಯಲ್ಲಿ ಆಪಾದನೆ ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದ್ದದ್ದು ಕನಿಕರ. ಮನೆಗೆ ಬಂದ ಬಡ ನೆಂಟರ ಸೀರೆಯ ಹರಿದ ಸೆರಗು ಕಣ್ಣಿಗೆ ಬಿದ್ದಾಗ ಒಳ್ಳೆಯ ಮಕ್ಕಳು ಮುಖ ಹೊರಳಿಸುತ್ತಾರಲ್ಲ, ಹಾಗೆ ನನ್ನ ಕೈಯಲ್ಲಿದ್ದ ಚಹಾದ ಕಪ್ಪಿನ ಕಡೆ ನೋಡುತ್ತ ನಿಂತಿದ್ದಳು. ನನ್ನ ಮೈಯೆಲ್ಲ ಉರಿದುಹೋಯಿತು. ಡಬ್ಬಿ ಹೋದರೆ ಹೋಗಲಿ ಎಂದು ಆಗಲೇ ಒಂದಿಷ್ಟು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಆದರೆ ಅವಳ ಮುಂದೆ, ನನ್ನ ಮಗಳ ಮುಂದೆ, ನನ್ನ ಜಾಯಿಂಟುಗಳು ಕೆಟ್ಟವೆನಿಸಿಕೊಂಡು ಕೂಡಲು ನನ್ನಿಂದ ಆಗಲಿಲ್ಲ.

ಎಲ್ಲರೂ ಮತ್ತೆ ಕೂತ ಮೇಲೆ ನಾನು ಎದ್ದು ನಿಂತೆ. ಮೇಲಿನವರಿಗೆ ಮರಾಠಿಯಲ್ಲಿ ಹೇಳಬೇಕಾದದ್ದು, ಸಿಟ್ಟಿಗೆ ಕನ್ನಡವೇ ಬಂತು, ನೇರ ನೆಗೆಣ್ಣಿಯ ಮುಖಕ್ಕೆ.

“ನನ್ನ ಜಾಯಿಂಟ್ ಅಷ್ಟ ಕೆಟ್ಟ ಇಲ್ಲವಾ. ಆ ಅಂಕಿಯೊಳಗ ನಾವೆಲ್ಲಾರೂ ಒಂದೊಂದು ಮುಷ್ಟಿ ಮ್ಯಾಲ ಹಾಕೀವಿ. ಅದನ್ನ ತಗದು ಲೆಕ್ಕಾ ಮಾಡು.”

ಮಗಳೇ ಅದನ್ನು ಉಳಿದವರಿಗೆ ಮರಾಠಿ ಮಾಡಿ ಹೇಳಿದಳು. ಮುಷ್ಟಿ ಎಂದರೆ ಏನೆಂದು ನಾನು ವಿವರಿಸಬೇಕಾಯಿತು. ಜಾಯಿಂಟಿನವನದು ಎಷ್ಟು, ಸೂಪರ್‌ವೈಸರನದು ಎಷ್ಟು, ನನ್ನದು ಎಷ್ಟು, ಅದರ ಮೇಲೆ ಪ್ಲಾನಿಂಗ್‌ನವರು ತಮಗೆ ತಿಳಿದಷ್ಟು ಮತ್ತೆ ಎಷ್ಟು. ನಮ್ಮ ತಂಡದ ಹಳಬ ಒಬ್ಬ ಬಾಗಿಲ ಹತ್ತಿರ ನಿಂತವನು ನಗು ತಡೆಯಲಾರದೆ ಹೊರಗೆ ಹೋದ. ಮೇಲಿನವರಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ನೆಗೆಣ್ಣಿ ಮಾತ್ರ ನನ್ನನ್ನು ನೆಟ್ಟಗೆ ನೋಡಿ, ಮತ್ತೊಮ್ಮೆ ಅಳೆಯಬಹುದೇ ಎಂದು ಕೇಳಿದಳು. ಈಗಿಂದೀಗಲೇ ಅಳೆಯಲಿ ಎಂದೆ.

ಅಳೆದರು. ಲೈನು ನಾನು ಹೇಳಿದಷ್ಟೇ ಚೊಕ್ಕವಿತ್ತು. ವೈಜಾಪುರದ ಸ್ಟೇಷನ್ ಬೇಡವಾಯಿತು, ಬೇರೆ ದಾರಿ ಬೇಡವಾಯಿತು, ನೆಗೆಣ್ಣಿಯ ವಿನ್ಯಾಸ ಇದ್ದ ಹಾಗೇ ಒಪ್ಪಿಗೆಯಾಯಿತು. ಡಬ್ಬಿಯನ್ನು ತೆಗೆಯಬೇಕೆಂದೂ ಅದರಲ್ಲಿತ್ತು. ಒಪ್ಪಿಗೆಯಾದ ದಿನ ಸಂಜೆ ಸ್ಕೂಟರಿನಲ್ಲಿ ಮನೆಗೆ ಬರುವಾಗ ಸಿಗ್ನಲ್ಲಿನಲ್ಲಿ ನಿಂತಾಗ ನನಗೆ ಹೊಳೆಯಿತು, ನಾನು ಬಾಯಿ ಮುಚ್ಚಿಕೊಂಡು ಕೂತಿದ್ದರೆ ಅವಳ ವಿನ್ಯಾಸ ಕೆಂಪು ಬಣ್ಣದಲ್ಲಿಯೇ ಮುಗಿದು, ನನ್ನ ಡಬ್ಬಿಗಳು ನನ್ನ ನಿವೃತ್ತಿಯವರೆಗೆ ಅಲ್ಲಿಯೇ ಇರುತ್ತಿದ್ದವು. ಹೊಟ್ಟೆಕಿಚ್ಚಿನ ಭರದಲ್ಲಿ ನನ್ನ ಕೈಯಾರೆ ಅವಳಿಗೆ ಆರತಿ ಎತ್ತಿದ್ದೆ. ಹಿಂದಿನವರು ಹಾರ್ನ್ ಹೊಡೆದರು, ಸಿಗ್ನಲ್ ಬಿಟ್ಟಿತ್ತು.

ಪ್ರಯೋಗದ ದಿನ ಯೇವಲಾಕ್ಕೆ ನಾನೇ ಹೋಗುತ್ತೇನೆ ಎಂದು ಹಟ ಹಿಡಿದೆ. ಕೇಬಲ್‌ನಲ್ಲಿ ಬಳಸದೆ ಬಿಟ್ಟಿದ್ದ ಎಳೆಗಳ ಮೇಲೆ ಪ್ರಯೋಗವಾದ್ದರಿಂದ ಹಗಲಿನಲ್ಲೇ ಮಾಡಬಹುದಿತ್ತು. ಅವೇ ಎಳೆಗಳಿಗೆ ಮುಂದೆ ಬೇಕಾದೀತೆಂದು ನಾನು ಆಗಲೇ ಕೂರಿಸಿದ್ದ ಡಬ್ಬಿಯನ್ನು ದಾರಿಯಿಂದ ಬಿಡಿಸಿ, ಫೈಬರನ್ನು ನೇರ ಜೋಡಿಸಿದೆ. ಸ್ಕ್ರೂಗಳು ಬಿಗಿಯಾಗಿ ಕೂತಿದ್ದವು, ಬಿಚ್ಚಲು ಸಹಾಯಕ್ಕೆ ಬಂದ ಟೆಕ್ನಿಶಿಯನ್ನನ್ನು ದೂರ ನಿಲ್ಲಿಸಿ ನಾನೇ ಬಿಚ್ಚಿದೆ. ಹೊರಗೆ ಪೈಠಣಿ ಸೀರೆಯ ಅಂಗಡಿಗಳ ಮುಂದೆ ಬಸ್ಸುಗಳು ಜನರನ್ನು ಇಳಿಸುತ್ತಿದ್ದವು. ನಾನು ಫೋನು ಹಿಡಿದು ಸ್ಟೇಷನ್ನಿನ ಸ್ಟೂಲಿನ ಮೇಲೆ ಕೂತೆ. ಆ ಕಡೆ ಸಂಭಾಜಿನಗರದಲ್ಲಿ ಮಗಳು, ನೆಗೆಣ್ಣಿ, ಉಳಿದವರು.

“ಆಲಾ, ಮಮ್ಮಿ, ಆಲಾ,” ಎಂದಳು ಮಗಳು. ಬಂತು, ಬೆಳಕು ಬಂತು, ತಪ್ಪಿಲ್ಲದೆ ಬಂತು. ಅಷ್ಟು ಹೇಳಿ ಫೋನನ್ನು ಅಲ್ಲೇ ಎಲ್ಲಿಯೋ ಇಟ್ಟು ಓಡಿದಳು. ಕಟ್ ಮಾಡಲಿಲ್ಲ. ನನಗೆ ಎಲ್ಲ ಕೇಳಿಸುತ್ತಿತ್ತು. ಚಪ್ಪಾಳೆ, ಕುರ್ಚಿ ಸರಿಯುವ ಸದ್ದು, ಮಗಳು ಕಾಕು, ಕಾಕು ಎಂದು ಕೂಗಿದ್ದು, ನೆಗೆಣ್ಣಿ ಅಳುನಗೆಯಲ್ಲಿ ಏನೋ ಅಂದದ್ದು, ಇಬ್ಬರೂ ತಬ್ಬಿಕೊಂಡರೆಂದು ಯಾರೋ ಫೋಟೋ ತೆಗೆಯಿರಿ ಎಂದದ್ದು. ನಾನೂ ಕಟ್ ಮಾಡಲಿಲ್ಲ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಪೂರ್ತಿ ಕೇಳಿದೆ. ಅವರು ಪೇಢೆ ಹಂಚುವವರೆಗೂ ಯಾರಿಗೂ ಆ ಫೋನಿನ ನೆನಪಾಗಲಿಲ್ಲ.

ನೆಗೆಣ್ಣಿ ಡಾಕ್ಟರಾದಳು. ಅವರ ಮನೆಯ ಬಾಗಿಲಿನ ಫಲಕದಲ್ಲಿ ಅವಳ ಹೆಸರು ಮೈದುನನ ಹೆಸರಿಗಿಂತ ಮೇಲೆ ಬಂತು. ಅವಳ ಪೇಪರಿನ ಕೊನೆಯ ಸಾಲಿನಲ್ಲಿ ನನಗೂ ಒಂದು ಧನ್ಯವಾದವಿತ್ತು, ಅದೂ ಬಹಳ ಸಣ್ಣ ಅಕ್ಷರದಲ್ಲಿ. ಗಂಡ ಅದನ್ನು ಕನ್ನಡಕ ಹಾಕಿಕೊಂಡು ಓದಿ, ಇದೆಯಲ್ಲ, ಸಾಕಲ್ಲ ಎಂದರು. ನಾನು ಸಾಕು ಎನ್ನಲಿಲ್ಲ. ಡಬ್ಬಿಯನ್ನು ಅವಳ ಲ್ಯಾಬಿನವರು ಕೇಳಿ ಕಳಿಸಿದರು, ಹಿಂದಿನ ಕಾಲದಲ್ಲಿ ಹೇಗೆ ಮಾಡುತ್ತಿದ್ದರೆಂದು ಮಕ್ಕಳಿಗೆ ತೋರಿಸಲಿಕ್ಕಂತೆ. ಹಿಂದಿನ ಕಾಲ! ನನಗಿನ್ನೂ ತಲೆ ಪೂರ್ತಿ ಬೆಳ್ಳಗಾಗಿರಲಿಲ್ಲ. ಕಂಪನಿಯ ವಸ್ತು, ನನ್ನ ಒಪ್ಪಿಗೆ ಯಾರಿಗೆ ಬೇಕು, ಕೊಟ್ಟರು.

ಮಗಳು ಓದು ಮುಗಿಸಿ ಅಲ್ಲಿಯೇ, ಕಾಕುವಿನ ಕೈಕೆಳಗೆ ಹೊಸ ಲೈನುಗಳ ವಿನ್ಯಾಸ ಮಾಡುವ ಕೆಲಸಕ್ಕೆ ಸೇರಿದಳು. ಮನೆಗೆ ಬರುತ್ತಾಳೆಂದು ಕಾದಿದ್ದೆ. ಅವಳ ಕೋಣೆಯಲ್ಲಿ ಈರುಳ್ಳಿ ಹರವುವುದನ್ನು ನಿಲ್ಲಿಸಿ, ಗೋಡೆಗೆ ಬಣ್ಣ ಹಚ್ಚಿಸಿದ್ದೆ. ಮತ್ತೆ ಈರುಳ್ಳಿ ಹರವಿದೆ.

ಹೀಗೆ ಒಂದು ವರ್ಷ ಕಳೆದ ಮೇಲೆ, ಒಂದು ಮಧ್ಯಾಹ್ನ ನೆಗೆಣ್ಣಿಯ ಫೋನು ಬಂತು. ಹಬ್ಬ ಹುಣ್ಣಿಮೆ ಬಿಟ್ಟರೆ ಅವಳು ನನಗೆ ಫೋನು ಮಾಡುವುದು ಕಡಿಮೆ. ದನಿ ಬಿಗಿಯಾಗಿತ್ತು. ಆರೋಗ್ಯ, ಅಡುಗೆ ಎಲ್ಲ ಕೇಳಿ ಮುಗಿದ ಮೇಲೂ ಇಡಲಿಲ್ಲ.

“ಅಕ್ಕಾರ, ನಿಮ್ಮ ಮಗಳಿಗೆ ನೀವಽ ಒಂದ್ ಮಾತು ಹೇಳ್ರಿ,” ಎಂದಳು. “ಯಾವ್ ಲೈನ್ ಕೊಟ್ರೂ ಲೆಕ್ಕದ ಮ್ಯಾಲೆ ಒಂದ್ ಮುಷ್ಟಿ ಹೆಚ್ಚ ಹಾಕ್ತಾಳ. ಹೊಸಾ ಪದ್ಧತಿಗೆ ಅದು ಬ್ಯಾಡ ಅಂತ ಎಷ್ಟ್ ಸಲ ಹೇಳೀನಿ. ಕೇಳಿದ್ರ, ನಮ್ಮ ಮಮ್ಮಿ ಲೈನಿನ್ಯಾಗ ಕಲ್ತೀನಿ, ಲೈನ್ ಹರಿತಾವು, ಕಾಕು, ನೀವು ಗುಂಡ್ಯಾಗ ನಿಂತು ನೋಡಿಲ್ಲ ಅಂತಾಳ.”

ನಿಫಾಡದ ಡೇರೆಯ ಹೊರಗೆ ದ್ರಾಕ್ಷಿ ತಿನ್ನುತ್ತ ನಿಂತಿದ್ದ ಹುಡುಗಿ ಏನು ನೋಡಿದ್ದಳೋ, ಯಾವಾಗ ನೋಡಿದ್ದಳೋ, ನನಗೆ ಹೇಳಿರಲಿಲ್ಲ. ಆ ಕಡೆಯಿಂದ ನೆಗೆಣ್ಣಿ ಈ ಸಲ ಬಹಳ ಸಣ್ಣ ದನಿಯಲ್ಲಿ ಮಾತಾಡಿದಳು.

“ಇಷ್ಟು ವರ್ಷ ನನ್ನ ಮನ್ಯಾಗ ಇದ್ಲು. ಎಲ್ಲಾ ನಾ ಕಲಿಸೀನಿ. ಆದ್ರ ಕೈ ಮಾತ್ರ ನಿಮ್ಮದಽ ಬಂದದ ಅಕ್ಕಾರ.”

ಆ ದನಿ ನನಗೆ ಚೆನ್ನಾಗಿ ಗೊತ್ತು. ಅದೇ ದನಿಯಲ್ಲಿ ನಾನು ಎಷ್ಟೋ ವರ್ಷ ನನ್ನೊಳಗೇ ಮಾತಾಡಿಕೊಂಡಿದ್ದೆ. ಪಾಪ ಎನಿಸಿತು, ಆದರೆ ಆಮೇಲೆ ಎನಿಸಿತು. ಮೊದಲು ಎನಿಸಿದ್ದು ಬೇರೆ. ಅವಳ ಕರೆ ನನ್ನ ಲೈನಿನ ಮೇಲೆಯೇ ವೈಜಾಪುರ, ಯೇವಲಾ, ನಿಫಾಡ ದಾಟಿ ಬರುತ್ತಿತ್ತು, ಒಂದು ಅಕ್ಷರವೂ ಎಲ್ಲಿಯೂ ಸೋರಿರಲಿಲ್ಲ. ನಾನು ಫೋನನ್ನು ಇನ್ನೊಂದು ಕಿವಿಗೆ ಹಿಡಿದು, ಕುರ್ಚಿ ಎಳೆದುಕೊಂಡು ಆರಾಮಾಗಿ ಕೂತೆ.

“ಲೈನ್ ಸರಿ ಇಲ್ಲ, ಏನೂ ಕೇಳ್ಸವಲ್ದು,” ಎಂದೆ. “ಇನ್ನೊಮ್ಮೆ ಹೇಳವಾ.”